ದುಡ್ಡು ಕೊಂಡವರದು, ಕೀಲಿಕೈ ಕಂಪನಿಯದು

2022ರ ಜನವರಿಯಲ್ಲಿ ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಕಂಪನಿ ತನ್ನ ಗ್ರಾಹಕರಿಗೆ ವಿಚಿತ್ರವಾದೊಂದು ಶುಭಸುದ್ದಿ ಕೊಟ್ಟಿತು. ಕಡಿಮೆ ಬೆಲೆಯ ಎಸ್‌1 ಸ್ಕೂಟರಿಗೆ ದುಡ್ಡು ಕಟ್ಟಿದವರಿಗೂ ದುಬಾರಿ ಎಸ್‌1 ಪ್ರೊ ಮಾದರಿಯ ಯಂತ್ರವನ್ನೇ ಕೊಡುತ್ತೇವೆ ಎಂಬುದು ಸುದ್ದಿಯ ಪೂರ್ವಾರ್ಧ. ಆ ಯಂತ್ರದ ಹೆಚ್ಚುವರಿ ಕಸುವು ಸಾಫ್ಟ್‌ವೇರಿನ ಬೀಗದೊಳಗೆ ಇರುತ್ತದೆ, ಬೇಕಾದವರು ಮುಂದೆ 30 ಸಾವಿರ ರೂಪಾಯಿ ಕಟ್ಟಿ ತೆರೆಸಿಕೊಳ್ಳಬಹುದು ಎಂಬುದು ಉತ್ತರಾರ್ಧ. ಮರುವರ್ಷ ಬೆಂಗಳೂರಿನದೇ ಆದ ಏಥರ್ ಕಂಪನಿ 450ಎಕ್ಸ್ ಸ್ಕೂಟರನ್ನು ಎರಡು ದರದಲ್ಲಿ ಮಾರತೊಡಗಿತು. ‘ಪ್ರೊ ಪ್ಯಾಕ್’ ಎಂಬುದಕ್ಕೆ ಬೇರೆ ದುಡ್ಡು ಕೊಟ್ಟವರಿಗೆ ಬಗೆಬಗೆಯ ರೈಡಿಂಗ್ ಮೋಡ್‌ಗಳು, ಪರದೆಯ ಮೇಲೆ ನಕ್ಷೆ. ಕೊಡದವರಿಗೆ ಅದೇ ಗಾಡಿ, ಆದರೆ ಅವು ಯಾವುವೂ ಇಲ್ಲ. ಕಂಪನಿಯ ಲೆಕ್ಕದಲ್ಲಿ 30 ಸಾವಿರ ಎಂದರೆ ಒಂದು ಗುಂಡಿ ಒತ್ತುವ ಕೆಲಸ. ಬೆಳಗಾವಿ ಜಿಲ್ಲೆಯ ಘಟಪ್ರಭೆಯ ದಂಡೆಯಲ್ಲಿ ಅದರ ಲೆಕ್ಕ ಬೇರೆ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಬೇಕೆಂದು ದಿನಗಟ್ಟಲೆ ರಸ್ತೆಯಲ್ಲಿ ಕೂತು ಕೊನೆಗೆ 3,300ಕ್ಕೆ ಬಂದು ನಿಂತರು. ಆ ದರದಲ್ಲಿ ಹಿಡಿದರೆ, ಮನೆ ಮುಂದೆ ನಿಂತಿರುವ ತನ್ನದೇ ಗಾಡಿಯ ಬೀಗ ತೆಗೆಸಲು ರೈತ ಒಂಬತ್ತು ಟನ್ನಿಗೂ ತುಸು ಹೆಚ್ಚೇ ಕಬ್ಬು ಕಾರ್ಖಾನೆಗೆ ಹಾಕಬೇಕು.

ಮೊದಲು ಕಂಪನಿಗಳ ಕಡೆಯ ನ್ಯಾಯ ಕೇಳೋಣ, ಏಕೆಂದರೆ ಅದು ಬಹಳ ಜನ ತಿಳಿದಷ್ಟು ಪೊಳ್ಳಲ್ಲ. ಮಾಡಿದ ಯಂತ್ರವನ್ನು ಬೇಕೆಂದೇ ಕುಂಠಿತಗೊಳಿಸಿ ಮಾರುವ ಪದ್ಧತಿ ಹಳೆಯದು. 1990ರಲ್ಲಿ ಐಬಿಎಂ ಕಂಪನಿ ‘ಲೇಸರ್ ಪ್ರಿಂಟರ್ ಇ’ ಎಂಬ ಅಗ್ಗದ ಪ್ರಿಂಟರ್ ತಂದಿತು. ಮೂಲ ಲೇಸರ್ ಪ್ರಿಂಟರ್ ನಿಮಿಷಕ್ಕೆ 10 ಪುಟ ಮುದ್ರಿಸುತ್ತಿತ್ತು, ಇದು 5 ಪುಟ. ಎರಡರ ಹೊಟ್ಟೆಯಲ್ಲಿದ್ದದ್ದು ಒಂದೇ ಯಂತ್ರ. ಅಗ್ಗದ್ದರಲ್ಲಿ ಹೆಚ್ಚಿಗೆ ಒಂದು ಚಿಪ್ ಇತ್ತು. ನಡುನಡುವೆ ಸುಮ್ಮನೆ ಕಾಯುವಂತೆ ಮಾಡುವುದಷ್ಟೇ ಅದರ ಉದ್ಯೋಗ. ಅಂದರೆ ಕಡಿಮೆ ಬೆಲೆಯ ಸರಕನ್ನು ತಯಾರಿಸಲು ಕಂಪನಿಗೆ ತಗಲುತ್ತಿದ್ದ ಖರ್ಚು ತುಸು ಜಾಸ್ತಿಯೇ! 1991ರಲ್ಲಿ ಇಂಟೆಲ್ 486ಎಸ್‌ಎಕ್ಸ್ ತಂದಾಗ ಅದರೊಳಗಿನ ಗಣಿತ ಘಟಕವನ್ನು ನಿಷ್ಕ್ರಿಯಗೊಳಿಸಿತ್ತು. ಆ ಘಟಕ ಬೇಕೆಂದವರು 487 ಎಂಬ ಇನ್ನೊಂದು ಚಿಪ್ ಕೊಂಡು ಹಾಕಬೇಕಿತ್ತು. ಆ ಇನ್ನೊಂದು ಚಿಪ್ ಅಸಲಿಗೆ ಪೂರ್ಣ ಪ್ರಮಾಣದ 486. ಅದು ಕೂತ ಕೂಡಲೇ ಮೊದಲಿನ ಚಿಪ್ ಕೆಲಸ ನಿಲ್ಲಿಸುತ್ತಿತ್ತು. 2010ರಲ್ಲಿ ಅದೇ ಕಂಪನಿ 50 ಡಾಲರಿನ ಕಾರ್ಡ್ ಮಾರಿತು. ಕಾರ್ಡಿನ ಮೇಲಿನ ಸಂಖ್ಯೆ ತುಂಬಿದರೆ ಪ್ರೊಸೆಸರಿನಲ್ಲಿ ಮೊದಲಿನಿಂದಲೂ ಇದ್ದು ಮುಚ್ಚಿಟ್ಟಿದ್ದ ಶಕ್ತಿ ತೆರೆದುಕೊಳ್ಳುತ್ತಿತ್ತು. ಜನ ರೇಗಿದರು, ಮರುವರ್ಷ ಯೋಜನೆ ಮುಚ್ಚಿತು.

ಇದಕ್ಕೂ ಹಿಂದೆ, 1849ರಲ್ಲೇ, ಫ್ರಾನ್ಸಿನ ಎಂಜಿನಿಯರ್ ಜೂಲ್ ದ್ಯುಪ್ವಿ ರೈಲಿನ ಮೂರನೇ ದರ್ಜೆಯ ಡಬ್ಬಿಗಳಿಗೆ ಮಾಡು ಯಾಕಿಲ್ಲ ಎಂದು ಕೇಳಿ ಉತ್ತರವನ್ನೂ ಕೊಟ್ಟಿದ್ದರು. ಮಾಡು ಹಾಕಲು ದುಡ್ಡಿಲ್ಲವೆಂದಲ್ಲ, ಬಡವರ ಮೇಲೆ ಸಿಟ್ಟಿದೆಯೆಂದೂ ಅಲ್ಲ. ಎರಡನೇ ದರ್ಜೆಗೆ ದುಡ್ಡು ಕೊಡಬಲ್ಲವರು ಮೂರನೇ ದರ್ಜೆಗೆ ಇಳಿಯದಿರಲಿ ಎಂಬುದೇ ಕಾರಣ. 1996ರಲ್ಲಿ ರೇಮಂಡ್ ಡೆನೆಕೆರ್ ಮತ್ತು ಪ್ರೆಸ್ಟನ್ ಮ್ಯಾಕಫಿ ಎಂಬ ಅರ್ಥಶಾಸ್ತ್ರಜ್ಞರು ಇಂಥ ‘ಊನಗೊಳಿಸಿದ ಸರಕು’ಗಳ ಮೇಲೆ ಬರೆದ ಪ್ರಬಂಧ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕೆಲವು ಸಂದರ್ಭಗಳಲ್ಲಿ ಈ ಊನದಿಂದ ಎಲ್ಲರಿಗೂ ಲಾಭವಾಗಬಹುದು ಎಂದು ಅವರು ತೋರಿಸಿದರು. ಅಗ್ಗದ ಮಾದರಿ ಇಲ್ಲದಿದ್ದರೆ ಆ ಸರಕನ್ನು ಕೊಳ್ಳಲೇ ಆಗದಿದ್ದವನಿಗೆ ಅರ್ಧವಾದರೂ ಸಿಗುತ್ತದೆ, ಕಂಪನಿಗೆ ಹೊಸ ಗಿರಾಕಿ ಸಿಗುತ್ತಾನೆ, ದುಬಾರಿ ಮಾದರಿ ಕೊಂಡವನಿಗೆ ನಷ್ಟವೇನಿಲ್ಲ. ಈ ತರ್ಕವನ್ನು ನಾನು ಒಪ್ಪುತ್ತೇನೆ. ಎರಡು ಬೆಲೆಗೆ ಎರಡು ಸಾಮರ್ಥ್ಯ ಮಾರುವುದು ತನ್ನಷ್ಟಕ್ಕೆ ಮೋಸವಲ್ಲ. ಆದರೆ ಈ ಇಡೀ ಲೆಕ್ಕ ಅಂಗಡಿಯ ಕಟ್ಟೆಯ ಮೇಲೆ, ಮೊದಲ ಮಾರಾಟದ ಕ್ಷಣದಲ್ಲಿ ಮುಗಿದುಹೋಗುತ್ತದೆ. ಯಂತ್ರದ ಆಯುಷ್ಯ ಶುರುವಾಗುವುದು ಅಲ್ಲಿಂದ ಮುಂದೆ. ಆ ಆಯುಷ್ಯ ಕೋರಮಂಗಲದಲ್ಲಿ ಒಂದು ಬಗೆಯದಾದರೆ, ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಪೂರಾ ಇನ್ನೊಂದು ಬಗೆಯದು. ನನ್ನ ತಕರಾರು ಇರುವುದು ಇಲ್ಲಿ: ಸಾಫ್ಟ್‌ವೇರ್ ಬೀಗದ ನಿಜವಾದ ಬೆಲೆಯನ್ನು ರೂಪಾಯಿಯಲ್ಲಿ ಅಳೆದರೆ ಸಾಲದು, ಕಿಲೋಮೀಟರಿನಲ್ಲೂ ಅಳೆಯಬೇಕು.

ಈ ಮೂರು ತಾಲ್ಲೂಕುಗಳ ಹಣಕಾಸು ಕಬ್ಬಿನ ಹಂಗಾಮಿನ ಮೇಲೆ ನಿಂತಿದೆ. ಸಂಕೇಶ್ವರದ ಹಿರಣ್ಯಕೇಶಿ, ಪ್ರಭಾನಗರದ ಘಟಪ್ರಭಾ ಸಹಕಾರಿ, ಹುಣಶ್ಯಾಳ ಪಿ.ಜಿ.ಯ ಸತೀಶ್ ಶುಗರ್ಸ್ ಮುಂತಾದ ಕಾರ್ಖಾನೆಗಳು ನುರಿಸಲು ಶುರು ಮಾಡಿ, ಬಿಲ್ ಖಾತೆಗೆ ಜಮಾ ಆದ ಮೇಲೆ ಮನೆಗೆ ಸಾಮಾನು ಬರುತ್ತದೆ. ಬರುವ ಸಾಮಾನೂ ಎಲ್ಲ ಸಲ ಹೊಸದಲ್ಲ. ಬೆಳಗಾವಿಯಲ್ಲೋ ಕೊಲ್ಹಾಪುರದಲ್ಲೋ ಒಬ್ಬರ ಮನೆಯಲ್ಲಿ ನಾಲ್ಕು ವರ್ಷ ಓಡಿದ ಗಾಡಿ, ಒಬ್ಬರ ಆಫೀಸಿನಿಂದ ಹೊರಬಿದ್ದ ಕಂಪ್ಯೂಟರ್, ಒಬ್ಬ ರೈತ ಎಕ್ಸ್‌ಚೇಂಜಿಗೆ ಕೊಟ್ಟ ಟ್ರ್ಯಾಕ್ಟರ್ ಇಲ್ಲಿಗೆ ಬಂದು ಎರಡನೇ ಸಂಸಾರ ಹೂಡುತ್ತವೆ. ಮಗ ಬಿಟ್ಟ ಮೊಬೈಲ್ ಅಪ್ಪನ ಅಂಗಿಯ ಜೇಬಿಗೆ ಬರುತ್ತದೆ. ಅವನ್ನು ನಡೆಸಿಕೊಂಡು ಹೋಗುವವರು ಬಸ್ ಸ್ಟ್ಯಾಂಡ್ ಸುತ್ತಲಿನ ಮೊಬೈಲ್ ರಿಪೇರಿಯವರು, ಮೋಟಾರು ರಿವೈಂಡಿಂಗ್‌ನವರು, ಗ್ಯಾರೇಜಿನ ಮಿಸ್ತ್ರಿಗಳು. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಬೇಕೆಂದರೆ ಬಹಳಷ್ಟು ಸಾಮಾನಿಗೆ ಬೆಳಗಾವಿಗೇ ಹೋಗಬೇಕು. ಹುಕ್ಕೇರಿಯಿಂದ ಅದು ಸುಮಾರು 50 ಕಿ.ಮೀ., ಗೋಕಾಕದಿಂದ 70ರ ಆಸುಪಾಸು, ಮೂಡಲಗಿಯಿಂದ ಇನ್ನೂ ಮುಂದೆ. ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು ಎಂದೇ ಅರ್ಥ. ಬೀಗವೆಂಬುದು ಸರಿಯಾಗಿ ಈ ಎರಡನೇ ಸಂಸಾರವನ್ನು ಕಾಡುತ್ತದೆ. ಮೊದಲ ಯಜಮಾನನ ಹೆಸರಿಗಿದ್ದ ಸವಲತ್ತು ಎರಡನೆಯವನಿಗೆ ಬರುತ್ತದೋ ಇಲ್ಲವೋ, ಬೇರೆ ಕಡೆ ಕೊಂಡ ಪರದೆಯನ್ನು ಯಂತ್ರ ಒಪ್ಪುತ್ತದೋ ಇಲ್ಲವೋ, ಎಲ್ಲವೂ ದೂರದ ಸರ್ವರಿನ ಮರ್ಜಿ.

ಪ್ರಿಂಟರನ್ನೇ ತೆಗೆದುಕೊಳ್ಳಿ. ಉತಾರ ತೆಗೆಸಲು, ಜಾತಿ ಆದಾಯ ಪ್ರಮಾಣಪತ್ರಕ್ಕೆ, ಪರೀಕ್ಷೆಯ ಹಾಲ್ ಟಿಕೆಟಿಗೆ ಜನ ಸಾಲು ನಿಲ್ಲುವ ತಾಲ್ಲೂಕು ಕೇಂದ್ರದ ಝೆರಾಕ್ಸ್ ಅಂಗಡಿಯ ಜೀವವೇ ಅದು. ಅದರ ಕಾರ್ಟ್ರಿಜ್ ತೆಗೆದು ತಿರುಗಿಸಿ ನೋಡಿದರೆ ಒಂದು ಮೂಲೆಯಲ್ಲಿ ಉಗುರಿನಷ್ಟಗಲದ ಹಸಿರು ಚೂರು, ಅದರ ಮೇಲೆ ಬಂಗಾರದ ಬಣ್ಣದ ನಾಲ್ಕಾರು ಪಟ್ಟಿಗಳು ಕಾಣುತ್ತವೆ. ಮಸಿ ಉಗುಳುವುದಕ್ಕೂ ಈ ಚಿಪ್ಪಿಗೂ ಸಂಬಂಧವಿಲ್ಲ. ಎಷ್ಟು ಪುಟವಾಯಿತೆಂದು ಎಣಿಸುವುದು, ತಾನು ಕಂಪನಿಯ ಕುಲದವನು ಎಂದು ಪ್ರಿಂಟರಿಗೆ ಗುರುತು ಹೇಳುವುದು, ಇವೆರಡೇ ಅದರ ಕೆಲಸ. ಟೋನರ್ ಪುಡಿ ತುಂಬಿ ತಂದರೂ ಚಿಪ್ ‘ಖಾಲಿ’ ಎನ್ನುತ್ತದೆ. ಹಾಗಾಗಿ ರೀಫಿಲ್ ಮಾಡುವವರು ಪುಡಿಯ ಜೊತೆಗೆ ಹೊಸ ಚಿಪ್ಪನ್ನೂ ಅಂಟಿಸುತ್ತಾರೆ. ಕೆಲವು ಇಂಕ್ ಪ್ರಿಂಟರುಗಳಲ್ಲಿ ಚೆಲ್ಲಿದ ಮಸಿ ಹೀರುವ ಪ್ಯಾಡ್ ತುಂಬಿರಬಹುದೆಂದು ಒಳಗಿನ ಕೌಂಟರ್ ಅಂದಾಜು ಮಾಡಿ ಇಡೀ ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ. ಪ್ಯಾಡ್ ಬದಲಿಸಿದರೂ ಆ ಲೆಕ್ಕವನ್ನು ಸೊನ್ನೆಗೆ ತರುವ ಸಾಫ್ಟ್‌ವೇರ್ ಇಲ್ಲದೆ ಅದು ಏಳುವುದಿಲ್ಲ. ಅಮೆರಿಕದಲ್ಲಿ ಲೆಕ್ಸ್‌ಮಾರ್ಕ್ ಕಂಪನಿ ತನ್ನ ಕಾರ್ಟ್ರಿಜ್ ಮರುಭರ್ತಿ ಮಾಡಿ ಮಾರುವವರ ಮೇಲೆ ಪೇಟೆಂಟ್ ಉಲ್ಲಂಘನೆಯ ದಾವೆ ಹೂಡಿ 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಮಾರಿದ ಕ್ಷಣಕ್ಕೆ ಆ ವಸ್ತುವಿನ ಮೇಲಿನ ಪೇಟೆಂಟ್ ಹಕ್ಕು ತೀರಿತು ಎಂದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್, ಉದಾಹರಣೆಗೆ ಆರಿಸಿಕೊಂಡದ್ದು ಹಳೆ ಕಾರು ರಿಪೇರಿ ಮಾಡಿ ಮಾರುವ ಅಂಗಡಿಯನ್ನು.

ಹೀಗೆ ಬೀಗ ಮುರಿಯುವವರು, ಜೋಡಿಸುವವರು ಉದ್ಯಮಕ್ಕೆ ಶತ್ರುಗಳು ಎಂಬ ಮಾತಿಗೆ ಪ್ರಿಂಟರಿನ ಚರಿತ್ರೆಯೇ ಉತ್ತರ ಹೇಳುತ್ತದೆ. ಇಂಡೊನೇಷ್ಯಾದ ಸಣ್ಣ ಅಂಗಡಿಗಳು ಪ್ರಿಂಟರಿನ ಪಕ್ಕಕ್ಕೆ ಮಸಿಯ ಬಾಟಲಿ ಇಟ್ಟು, ಸಪೂರ ಕೊಳವೆ ಎಳೆದು, ಕಾರ್ಟ್ರಿಜ್ಜಿನ ಹಂಗು ಕಳೆದುಕೊಂಡಿದ್ದವು. ನಮ್ಮಲ್ಲೂ ಅದೇ ನಡೆದಿತ್ತು. ಎಪ್ಸನ್ ಕಂಪನಿ ಎಷ್ಟು ದಿನ ಅಂತ ಗುದ್ದಾಡೀತು? 2010ರಲ್ಲಿ ಅದೇ ಇಂಡೊನೇಷ್ಯಾದಲ್ಲಿ ತಾನೇ ಟ್ಯಾಂಕ್ ಕೂರಿಸಿದ ಪ್ರಿಂಟರ್ ತಂದಿತು. ಯಂತ್ರದ ಬೆಲೆ ಜಾಸ್ತಿ, ಮಸಿ ಅಗ್ಗ. ಇವತ್ತು ಭಾರತದ ಅಂಗಡಿಗಳಲ್ಲಿ ಸಲೀಸಾಗಿ ಸಿಗುವ ಇಂಕ್ ಟ್ಯಾಂಕ್ ಪ್ರಿಂಟರಿನ ಮೂಲ ಅಲ್ಲಿದೆ. ಬೀಗ ಮುರಿದವರು ತೋರಿಸಿದ ದಾರಿಯಲ್ಲಿ ಕಂಪನಿ ನಡೆದು ಲಾಭ ಮಾಡಿಕೊಂಡಿತು. ಅವರ ಕೈ ಕಟ್ಟಿಹಾಕುವಷ್ಟು ಗಟ್ಟಿ ಬೀಗ ಆಗಲೇ ಇದ್ದಿದ್ದರೆ ಈ ಪ್ರಿಂಟರ್ ಹುಟ್ಟುತ್ತಲೇ ಇರಲಿಲ್ಲವೇನೋ.

ಟ್ರ್ಯಾಕ್ಟರಿನ ವಿಷಯ ಇನ್ನೂ ಹಸಿ. ಈವರೆಗೆ ನಮ್ಮ ಹೆಚ್ಚಿನ ಟ್ರ್ಯಾಕ್ಟರುಗಳು ಸ್ಪ್ಯಾನರಿನ ಮಾತು ಕೇಳುವ ಯಂತ್ರಗಳು. 2023ರ ಜನವರಿಯಿಂದ 50 ಅಶ್ವಶಕ್ತಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ‘ಟ್ರೆಮ್ 4’ ಹೊಗೆ ನಿಯಮ ಬಂದಿದೆ, ಅದರ ಜೊತೆಗೆ ಡೀಸೆಲ್ ಚಿಮ್ಮುವುದನ್ನು ಲೆಕ್ಕ ಹಾಕುವ ಕಂಪ್ಯೂಟರೂ ಬಂದಿದೆ. ಹೊಗೆ ಕಡಿಮೆಯಾಗುವುದು ಒಳ್ಳೆಯದೇ. ಆದರೆ ಈ ಕಂಪ್ಯೂಟರ್ ದೀಪ ಮಿನುಗಿಸಿ ಎಂಜಿನ್ ತಡೆದರೆ, ಅದರ ಮನಸ್ಸಿನಲ್ಲೇನಿದೆ ಎಂದು ಓದುವ ಸಾಧನ ಯಾರ ಹತ್ತಿರ ಇರುತ್ತದೆ ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಬರುತ್ತದೆ. ಅಮೆರಿಕದ ರೈತರು ಈ ಪ್ರಶ್ನೆಯನ್ನು ಜಾನ್ ಡಿಯರ್ ಕಂಪನಿಗೆ ವರ್ಷಗಟ್ಟಲೆ ಕೇಳಿದ್ದಾರೆ. ಕೊಲರಾಡೊ ರಾಜ್ಯ 2023ರಲ್ಲಿ ಕೃಷಿ ಯಂತ್ರ ರಿಪೇರಿಯ ಹಕ್ಕಿನ ಕಾನೂನನ್ನೇ ಮಾಡಿತು. 2025ರ ಜನವರಿಯಲ್ಲಿ ಅಲ್ಲಿನ ಕೇಂದ್ರ ವ್ಯಾಪಾರ ಆಯೋಗ ಕಂಪನಿಯ ಮೇಲೆ ದಾವೆ ಹೂಡಿತು. ನಮ್ಮಲ್ಲಿ ಪೆಟ್ಟು ಇನ್ನೂ ಜೋರಾಗಿ ಬೀಳಬಹುದು. ಗ್ಯಾಂಗಿನವರು ಕಡಿದು ಹಾಕಿದ ಕಬ್ಬು ಹೊಲದಲ್ಲಿ ಬಿದ್ದಷ್ಟು ಹೊತ್ತೂ ಒಣಗಿ ತೂಕ ಕಳೆದುಕೊಳ್ಳುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಎರಡು ಟ್ರಾಲಿ ಹೇರಿಕೊಂಡು ನಿಂತ ಟ್ರ್ಯಾಕ್ಟರಿಗೆ ಬೆಳಗಾವಿಯಿಂದ ಲ್ಯಾಪ್‌ಟಾಪ್ ಹಿಡಿದವನು ಬರುವ ತನಕ ಆಗುವ ನಷ್ಟ ಯಾವ ಕಂಪನಿಯ ಜಮಾಖರ್ಚಿನಲ್ಲೂ ಕಾಣುವುದಿಲ್ಲ, ಅದು ರೈತನ ತೂಕದ ಚೀಟಿಯಲ್ಲಿ ಮಾತ್ರ ಕಾಣುತ್ತದೆ.

ಬೀಗ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಪೋಲೆಂಡಿನ ರೈಲುಗಳ ಕತೆ ಇದೆ. ನ್ಯೂವಾಗ್ ಕಂಪನಿಯ ‘ಇಂಪಲ್ಸ್’ ರೈಲುಗಳು ಬೇರೆ ವರ್ಕ್‌ಶಾಪಿನಲ್ಲಿ ದುರಸ್ತಿಯಾದ ಮೇಲೆ ಕಾರಣವಿಲ್ಲದೆ ಚಾಲೂ ಆಗಲಿಲ್ಲ. ಒಳಗಿನ ಸಾಫ್ಟ್‌ವೇರನ್ನು ಬಿಡಿಸಿ ನೋಡಿದ ಮೂವರು ತಂತ್ರಜ್ಞರು 2023ರ ಡಿಸೆಂಬರ್‌ನಲ್ಲಿ ಬಹಿರಂಗವಾಗಿ ಹೇಳಿದ್ದು ಇದು: ಪ್ರತಿಸ್ಪರ್ಧಿ ವರ್ಕ್‌ಶಾಪುಗಳು ಭೂಪಟದಲ್ಲಿ ಎಲ್ಲಿವೆ ಎಂಬ ಗುರುತು ಆ ಸಾಫ್ಟ್‌ವೇರಿನಲ್ಲಿತ್ತು, ಅಲ್ಲಿ ಕೆಲ ದಿನ ನಿಂತರೆ ರೈಲು ತನಗೆ ತಾನೇ ಬೀಗ ಹಾಕಿಕೊಳ್ಳುತ್ತಿತ್ತು. ಕಂಪನಿ ಆರೋಪ ಅಲ್ಲಗಳೆದು ಅವರ ಮೇಲೆಯೇ ಕೋರ್ಟಿಗೆ ಹೋಗಿದೆ.

ಇನ್ನು ಆಕ್ಷೇಪಗಳು. ತಾಂತ್ರಿಕ ಜ್ಞಾನ ಇರುವವರು ಮೊದಲಿಗೆ ಎತ್ತುವುದು ಇದನ್ನು: ಎಲ್ಲ ಮಿತಿಯೂ ದುರುದ್ದೇಶದ್ದಲ್ಲ. ಇದು ದಿಟ. ಒಂದೇ ಸಿಲಿಕಾನ್ ಬಿಲ್ಲೆಯಿಂದ ತೆಗೆದ ಚಿಪ್‌ಗಳೆಲ್ಲ ಒಂದೇ ಗುಣದವಲ್ಲ. ಆಲೆಮನೆಯಿಂದ ಬಂದ ಬೆಲ್ಲದ ಪೆಂಟೆಗಳನ್ನು ಬಣ್ಣ ನೋಡಿ ಬೇರೆ ಬೇರೆ ದರಕ್ಕೆ ಹಾಕುವಂತೆ, ಒಂದು ಮೂಲೆ ಕೆಟ್ಟ ಚಿಪ್ಪಿನ ಆ ಮೂಲೆಯನ್ನು ಮುಚ್ಚಿ ಕಡಿಮೆ ದರ್ಜೆಯದೆಂದು ಮಾರುತ್ತಾರೆ. ಕಸದ ಬುಟ್ಟಿಗೆ ಹೋಗಬೇಕಿದ್ದದ್ದು ಬಡವನ ಕಂಪ್ಯೂಟರಿಗೆ ಬರುತ್ತದೆ. ಇದಕ್ಕೆ ಯಾರೂ ತಕರಾರು ಎತ್ತಬಾರದು. ಬಿಸಿ ಏರದಂತೆ, ಬ್ಯಾಟರಿ ಹೊತ್ತಿಕೊಳ್ಳದಂತೆ ಹಾಕಿದ ಮಿತಿಗಳೂ ಅಷ್ಟೇ. ಆದರೆ ಸುರಕ್ಷತೆಯ ಹೆಸರಿಗೂ ಒಂದು ಪರೀಕ್ಷೆ ಇದೆ: ಮಿತಿಯನ್ನು ದುಡ್ಡು ಕೊಟ್ಟರೆ ತೆಗೆಯುವಂತಿದ್ದರೆ ಅದು ಸುರಕ್ಷತೆಯದ್ದಾಗಿರಲು ಸಾಧ್ಯವೇ ಇಲ್ಲ. ಆ್ಯಪಲ್ ಪ್ರಕರಣದಲ್ಲಿ ಕಾರಣ ನಿಜವಾದದ್ದೇ ಇತ್ತು. ಹಳತಾದ ಬ್ಯಾಟರಿಯ ಐಫೋನ್ ತಟ್ಟನೆ ಆಫ್ ಆಗದಿರಲೆಂದು ಅದರ ವೇಗ ಇಳಿಸಿದೆವು ಎಂದು ಕಂಪನಿ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಆದರೆ ಮೊದಲೇ ಹೇಳಿರಲಿಲ್ಲ. ಬ್ಯಾಟರಿ ಬದಲಿಸಿದರೆ ಸರಿಹೋಗುತ್ತಿದ್ದ ಫೋನನ್ನು ಮುದಿಯಾಯಿತೆಂದು ಎಸೆದು ಜನ ಹೊಸದು ಕೊಂಡರು. ಫ್ರಾನ್ಸ್ ಸರ್ಕಾರ 2020ರಲ್ಲಿ ಎರಡೂವರೆ ಕೋಟಿ ಯೂರೊ ದಂಡ ಹಾಕಿದ್ದು ವೇಗ ಇಳಿಸಿದ್ದಕ್ಕಲ್ಲ, ತಿಳಿಸದೇ ಇಳಿಸಿದ್ದಕ್ಕೆ. ಗೋಕಾಕದ ಮೊಬೈಲ್ ರಿಪೇರಿಯವನಿಗೆ ಈ ಸಂಗತಿ ಗೊತ್ತಿದ್ದಿದ್ದರೆ ಗಿರಾಕಿಗೆ ‘ಬ್ಯಾಟರಿ ಒಂದು ಹಾಕಿಸ್ರಿ ಸಾಕು’ ಎನ್ನುತ್ತಿದ್ದ.

ಎರಡನೆಯ ಆಕ್ಷೇಪ ಕಳ್ಳತನದ್ದು, ಸಾಲದ್ದು. 2022ರಲ್ಲಿ ಉಕ್ರೇನಿನ ಮೆಲಿಟೊಪೋಲ್‌ನಿಂದ ಕದ್ದೊಯ್ದ ಜಾನ್ ಡಿಯರ್ ಯಂತ್ರಗಳನ್ನು ದೂರದಿಂದಲೇ ಸ್ತಬ್ಧಗೊಳಿಸಿದಾಗ ಜಗತ್ತೇ ಚಪ್ಪಾಳೆ ತಟ್ಟಿತು. ಕಂತಿನ ಮೇಲೆ ಕೊಟ್ಟ ಮೊಬೈಲಿಗೆ ಕಂತು ತಪ್ಪಿದರೆ ಬೀಗ ಬೀಳುವ ವ್ಯವಸ್ಥೆಯನ್ನೂ ಹೀಗೇ ಸಮರ್ಥಿಸುತ್ತಾರೆ: ಈ ಬೀಗ ಇರುವುದರಿಂದಲೇ ಜಾಮೀನು ಕೊಡಲಾಗದವನಿಗೂ ಸಾಲ ಸಿಗುತ್ತದೆ. ಒಪ್ಪೋಣ. ಸಾಲ ಇರುವ ತನಕ ವಸ್ತುವಿನ ಮೇಲೆ ಸಾಲ ಕೊಟ್ಟವನ ಹಕ್ಕು ಇರುತ್ತದೆ, ಒತ್ತೆಯ ನ್ಯಾಯ ಈ ನೆಲಕ್ಕೆ ಹೊಸದಲ್ಲ. ಆದರೆ ಸಾಲ ತೀರಿದ ದಿನ ಒತ್ತೆಯ ಪತ್ರ ಹರಿದು ಹಾಕುವುದೂ ಅದೇ ನ್ಯಾಯದ ಭಾಗ. ಸಾಫ್ಟ್‌ವೇರ್ ಬೀಗಕ್ಕೆ ಈ ದ್ವಿತೀಯಾರ್ಧ ಇನ್ನೂ ಬಂದಿಲ್ಲ. ಪೂರ್ತಿ ದುಡ್ಡು ಎಣಿಸಿಕೊಟ್ಟು ತಂದ ಯಂತ್ರದ ಮೇಲೂ ಕೀಲಿಕೈ ಕಂಪನಿಯ ಸೊಂಟದಲ್ಲೇ ಜೋತಾಡುತ್ತಿರುತ್ತದೆ. ಕಳ್ಳನ ಕೈಯಲ್ಲಿದ್ದ ಟ್ರ್ಯಾಕ್ಟರನ್ನು ನಿಲ್ಲಿಸಬಲ್ಲವರು ಯಜಮಾನನ ಟ್ರ್ಯಾಕ್ಟರನ್ನೂ ನಿಲ್ಲಿಸಬಲ್ಲರು.

ಆ ಶಕ್ತಿ ಎಂಥದ್ದೆಂದು ಅದರ ಔದಾರ್ಯದ ಘಳಿಗೆಯಲ್ಲೇ ಹೆಚ್ಚು ತಿಳಿಯುತ್ತದೆ. ಟೆಸ್ಲಾ 2016ರಲ್ಲಿ 75 ಕಿಲೋವ್ಯಾಟ್ ಗಂಟೆಯ ಬ್ಯಾಟರಿ ಕೂರಿಸಿ 60 ಎಂದು ಮಾರಿದ ಕಾರುಗಳಿದ್ದವು. 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ ಚಂಡಮಾರುತ ಫ್ಲಾರಿಡಾದತ್ತ ಬಂದಾಗ ಕಂಪನಿ ಅಲ್ಲಿನ ಅಂಥ ಕಾರುಗಳ ಬೀಗವನ್ನು ತಾತ್ಕಾಲಿಕವಾಗಿ ತೆಗೆದು, ಓಡಿಹೋಗಲು ಹೆಚ್ಚು ದೂರ ಕೊಟ್ಟಿತು. ಮನುಷ್ಯತ್ವದ ಕೆಲಸವೇ ಸರಿ. ಚಂಡಮಾರುತ ಸರಿದ ಮೇಲೆ ಬೀಗ ಮತ್ತೆ ಬಿತ್ತು. ತನ್ನದೇ ಕಾರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಎಷ್ಟು ದೂರ ಹೋಗಬಹುದೆಂಬುದು ಇನ್ನೊಬ್ಬರ ದಯೆಗೆ ಬಿಟ್ಟ ವಿಷಯವಾಯಿತು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಊರೊಳಗೆ ಬಂದದ್ದನ್ನು, ಹಿಡಕಲ್ ಜಲಾಶಯದಿಂದ ನೀರು ಬಿಟ್ಟಾಗಲೆಲ್ಲ ಲೋಳಸೂರ ಸೇತುವೆಯ ಕಡೆ ಜನ ಕಣ್ಣಿಡುವುದನ್ನು ಬಲ್ಲವರಿಗೆ ಇದು ದೂರದ ಕತೆಯಾಗಿ ಕೇಳಿಸುವುದಿಲ್ಲ. ನೆರೆ ಬಂದು ಕರೆಂಟ್ ಹೋದರೆ ಮೊಬೈಲ್ ಟವರಿನ ಬ್ಯಾಟರಿ ಕೆಲವು ಗಂಟೆ ಬಂದೀತು, ಆಮೇಲೆ ಜನರೇಟರಿಗೆ ಡೀಸೆಲ್ ಮುಟ್ಟಬೇಕು. ಆಗ ಎಫ್‌ಎಂ ರೇಡಿಯೊಗೆ ಟವರಿನ ಹಂಗಿಲ್ಲ. ಹಲವು ಮೊಬೈಲುಗಳಲ್ಲಿ ಎಫ್‌ಎಂ ಹಿಡಿಯುವ ಘಟಕ ವೈಫೈ, ಬ್ಲೂಟೂತ್‌ಗಳ ಚಿಪ್ಪಿನಲ್ಲೇ ಸೇರಿರುತ್ತದೆ, ಇಯರ್‌ಫೋನಿನ ವೈರೇ ಏರಿಯಲ್ ಆಗುತ್ತದೆ. ಇದ್ದ ಸೌಲಭ್ಯವನ್ನು ಮುಚ್ಚಬೇಡಿ, ಸದಾ ಚಾಲೂ ಇಡಿ ಎಂದು ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2023ರ ಏಪ್ರಿಲ್‌ನಲ್ಲಿ ಮೊಬೈಲ್ ತಯಾರಕರ ಸಂಘಗಳಿಗೆ ತಿಳಿಸಿತು, ವಿಪತ್ತಿನ ಕಾಲವನ್ನೇ ಕಾರಣವಾಗಿ ಕೊಟ್ಟಿತು. ಅದು ಸಲಹೆ, ಪಾಲಿಸದಿದ್ದರೆ ಏನು ಎಂಬ ಮಾತು ಅದರಲ್ಲಿಲ್ಲ.

‘ಬೇಡವಾದರೆ ಕೊಳ್ಳಬೇಡಿ, ಯಾರು ಒತ್ತಾಯ ಮಾಡಿದ್ದಾರೆ’ ಎಂಬುದು ಮೂರನೆಯ ಆಕ್ಷೇಪ, ಮುಕ್ತ ಮಾರುಕಟ್ಟೆಯ ಭಕ್ತರದು. ಆಯ್ಕೆ ಇದ್ದಾಗ ಈ ಮಾತಿಗೆ ಅರ್ಥ ಇರುತ್ತದೆ. ಮನೆಮನೆಯ ಅಟ್ಟದಲ್ಲಿ ಧೂಳು ಹಿಡಿದ ಸೆಟ್ ಟಾಪ್ ಬಾಕ್ಸ್‌ಗಳನ್ನು ನೋಡಿ. ಕಂಪನಿ ಬದಲಿಸಿದರೆ ಬಾಕ್ಸೂ ಬದಲಿಸಬೇಕು, ಹಳೆಯದು ಇನ್ನೊಂದು ಕಂಪನಿಯ ಸಂಕೇತ ಓದುವುದಿಲ್ಲ. ಎಲ್ಲ ಬಾಕ್ಸ್‌ಗಳೂ ಎಲ್ಲ ಕಡೆ ನಡೆಯುವಂತಿರಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2020ರ ಏಪ್ರಿಲ್‌ನಲ್ಲಿ ಶಿಫಾರಸು ಮಾಡಿತು. ಅದಾದ ಮೇಲೂ ಅಟ್ಟ ತುಂಬುತ್ತಲೇ ಇದೆ. ಎಲ್ಲ ಕಂಪನಿಗಳೂ ಒಂದೇ ಬಗೆಯ ಬೀಗ ಹಾಕಿದಾಗ ಗಿರಾಕಿ ಬೀಗವಿಲ್ಲದ್ದನ್ನು ಆರಿಸುವುದು ಹೇಗೆ? ಇನ್ನು ಒಪ್ಪಂದದ ಮಾತು: ಹತ್ತಾರು ಪುಟದ ಇಂಗ್ಲಿಷ್ ಷರತ್ತುಗಳ ಕೆಳಗೆ ‘ಒಪ್ಪಿದೆ’ ಎಂದು ಒತ್ತಿಸಿಕೊಂಡು, ಆ ಷರತ್ತನ್ನೂ ಮುಂದಿನ ಅಪ್‌ಡೇಟಿನಲ್ಲಿ ಬದಲಿಸುವ ಅಧಿಕಾರ ಇಟ್ಟುಕೊಂಡರೆ ಅದನ್ನು ಇಬ್ಬರ ನಡುವಿನ ಕರಾರು ಎನ್ನಲಾಗದು.

ಯಂತ್ರ ಯಾರದು ಎಂಬ ಪ್ರಶ್ನೆಗೆ ಈ ಭಾಗದ ಚರಿತ್ರೆಯಲ್ಲೇ ಎರಡು ಉತ್ತರಗಳಿವೆ. ಗೋಕಾಕ ಫಾಲ್ಸ್‌ನಲ್ಲಿ 1887ರಲ್ಲೇ ನೀರಿನಿಂದ ವಿದ್ಯುತ್ ಮಾಡಿದರೆಂದು ಇಲ್ಲಿಯ ಜನ ಹೆಮ್ಮೆಯಿಂದ ಹೇಳುತ್ತಾರೆ. ಆ ಕಸುವು ಅಲ್ಲಿನ ನೂಲಿನ ಗಿರಣಿಯದು, ಗಿರಣಿಗಾಗಿ. 1969ರಲ್ಲಿ ಹುಕ್ಕೇರಿ ತಾಲ್ಲೂಕಿನಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಬೇರೆಯದೇ ಉತ್ತರ ಕೊಟ್ಟಿತು. ದೇಶದಲ್ಲಿ ಪ್ರಯೋಗಕ್ಕೆಂದು ಮೊದಲು ಶುರುವಾದ ಐದು ಇಂಥ ಸಂಘಗಳಲ್ಲಿ ಅದೂ ಒಂದು. ಕಂಬ, ತಂತಿ, ಟ್ರಾನ್ಸ್‌ಫಾರ್ಮರುಗಳ ಒಡೆತನ ಬಳಸುವವರ ಸಂಘದ್ದೇ. ಸಹಕಾರಿ ಎಂದ ಮೇಲೆ ರಾಜಕೀಯ ಇದ್ದದ್ದೇ. 2025ರಲ್ಲಿ ಅದರ ಆಡಳಿತ ಮಂಡಳಿಯ ಚುನಾವಣೆ ವಿಧಾನಸಭೆಯ ಚುನಾವಣೆಗಿಂತ ಕಾವೇರಿ ನಡೆಯಿತು. ಆದರೆ ಲೈನ್ ಯಾಕೆ ಹೋಯಿತು ಎಂದು ಕೇಳಲು ಒಂದು ಬಾಗಿಲಿದೆ, ಕೇಳುವವನಿಗೆ ಒಂದು ಓಟಿದೆ. ಅದೇ ತಂತಿಯ ತುದಿಗೆ ಜೋಡಿಸಿದ ಯಂತ್ರದ ಸಾಫ್ಟ್‌ವೇರಿನಲ್ಲಿ ಅವನಿಗೆ ಬಾಗಿಲೂ ಇಲ್ಲ, ಓಟೂ ಇಲ್ಲ. ಸರ್ಕಾರ ಮನಸ್ಸು ಮಾಡಿದರೆ ಬೀಗ ತೆಗೆಸಬಹುದು ಎಂಬುದಕ್ಕೆ ಸೌರ ಪಂಪ್‌ಸೆಟ್ ಒಂದು ಪುರಾವೆ. ಕುಸುಮ್ ಯೋಜನೆಯ ಸೌರಫಲಕಗಳು ವರ್ಷದ ಅರ್ಧಕ್ಕಿಂತ ಹೆಚ್ಚು ದಿನ ಖಾಲಿ ನಿಲ್ಲುತ್ತವೆ, ಕಂಟ್ರೋಲರಿಗೆ ಪಂಪ್ ನಡೆಸುವುದೊಂದೇ ಗೊತ್ತು. ಅದೇ ಫಲಕದಿಂದ ಮೇವು ಕತ್ತರಿಸುವ ಯಂತ್ರ, ಹಿಟ್ಟಿನ ಗಿರಣಿ ನಡೆಸಬಲ್ಲ ಸಾರ್ವತ್ರಿಕ ಕಂಟ್ರೋಲರಿಗೆ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಮಾನದಂಡ ರೂಪಿಸಿ ಅವಕಾಶ ಮಾಡಿಕೊಟ್ಟಿತು.

ಕಾನೂನು ಅಲ್ಲಲ್ಲಿ ಎಚ್ಚರವಾಗಿದೆ. ಬಿಡಿಭಾಗಗಳನ್ನೂ ದೋಷ ಪತ್ತೆ ಸಾಧನಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಕೊಡದ 14 ಕಾರು ಕಂಪನಿಗಳಿಗೆ ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 2,544 ಕೋಟಿ ರೂಪಾಯಿ ಮೀರಿದ ದಂಡ ವಿಧಿಸಿತು. ಮೇಲ್ಮನವಿಯಲ್ಲಿ ದಂಡದ ಲೆಕ್ಕ ಇಳಿಯಿತು, ತಪ್ಪು ತಪ್ಪೇ ಎಂಬುದು ಉಳಿಯಿತು. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಂ ಡಿಜಿಟಲ್ ಬೀಗ ಮುರಿಯುವುದನ್ನು ಅಪರಾಧ ಎನ್ನುತ್ತದೆ, ಆದರೆ ಕೃತಿಸ್ವಾಮ್ಯ ಕದಿಯುವ ಉದ್ದೇಶ ಇದ್ದರೆ ಮಾತ್ರ. ಅಮೆರಿಕದ 1998ರ ಡಿಜಿಟಲ್ ಕೃತಿಸ್ವಾಮ್ಯ ಕಾನೂನಿಗಿಂತ ಇದು ಎಷ್ಟೋ ವಿವೇಕದ್ದು. ರಿಪೇರಿಗೆಂದು ಬೀಗ ತೆಗೆಯುವವನನ್ನು ಇದು ಕಳ್ಳನೆನ್ನುವುದಿಲ್ಲ. ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಸಮಿತಿ ಮಾಡಿ, ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನಗಳನ್ನು ಪಟ್ಟಿಗೆ ಸೇರಿಸಿ, ಅದೇ ಡಿಸೆಂಬರ್‌ನಲ್ಲಿ ಒಂದು ಪೋರ್ಟಲ್ ತೆರೆಯಿತು. ಮೊಬೈಲುಗಳಿಗೆ ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆ ಎಂಬ ಅಂಕ ಕೊಡುವ ವರದಿ 2025ರ ಮೇ ತಿಂಗಳಲ್ಲಿ ಇಲಾಖೆಯ ಕೈ ಸೇರಿತು. ಇವೆಲ್ಲ ಬಿಡಿಭಾಗದ ಸುತ್ತಲೇ ತಿರುಗುತ್ತವೆ, ಬೀಗದ ಹತ್ತಿರ ಬರಲು ಹಿಂಜರಿಯುತ್ತವೆ. ಆದರೆ ಸರ್ಕಾರಕ್ಕೆ ಬೀಗದ ಲೆಕ್ಕ ಅರ್ಥವಾಗುವುದಿಲ್ಲ ಎನ್ನುವಂತಿಲ್ಲ. ಎಲೆಕ್ಟ್ರಿಕ್ ಸ್ಕೂಟರಿನ ಸಬ್ಸಿಡಿಗೆ ಒಂದೂವರೆ ಲಕ್ಷದ ಬೆಲೆಮಿತಿ ಇದ್ದಾಗ ಕಂಪನಿಗಳು ಚಾರ್ಜರಿಗೆ, ಕೆಲವರು ಸಾಫ್ಟ್‌ವೇರಿಗೂ, ಬೇರೆ ಬಿಲ್ ಹಾಕಿ ಗಾಡಿಯ ಬೆಲೆ ಇಳಿಸಿ ತೋರಿಸಿದರೆಂದು ಕೇಂದ್ರ ಹಿಡಿದು ನಿಲ್ಲಿಸಿತು. 2023ರಲ್ಲಿ ಓಲಾ, ಏಥರ್, ಟಿವಿಎಸ್, ಹೀರೊ ಕಂಪನಿಗಳು ಗ್ರಾಹಕರಿಗೆ ಚಾರ್ಜರಿನ ದುಡ್ಡು ವಾಪಸ್ ಕೊಡಲು ಒಪ್ಪಿದವು. ಬೊಕ್ಕಸದ ದುಡ್ಡಿಗೆ ತೋರಿದ ಚುರುಕನ್ನು ರೈತನ ದುಡ್ಡಿಗೂ ತೋರಿಸಿ ಎಂದು ಕೇಳುವುದು ಅತಿಯಾಸೆಯಲ್ಲ.

ಕೇಳಬೇಕಾದದ್ದು ಬಹಳವೇನಿಲ್ಲ. ಯಂತ್ರದೊಳಗೆ ಇದ್ದೂ ಮುಚ್ಚಿಟ್ಟ ಸಾಮರ್ಥ್ಯವೇನು, ತೆರೆಸಲು ಎಷ್ಟು ಎಂಬುದು ಡಬ್ಬಿಯ ಮೇಲೆ ಕನ್ನಡದಲ್ಲಿ ಅಚ್ಚಾಗಿರಲಿ. ಮಾರಿದ ದಿನ ಇದ್ದ ಸಾಮರ್ಥ್ಯವನ್ನು ಆಮೇಲಿನ ಅಪ್‌ಡೇಟ್ ಕಿತ್ತುಕೊಳ್ಳದಿರಲಿ. ಒಬ್ಬನಿಗೆ ತೆರೆದುಕೊಟ್ಟದ್ದು ಗಾಡಿಯ ಜೊತೆ ಎರಡನೆಯವನಿಗೂ ಹೋಗಲಿ. ದೋಷ ಓದುವ ಸಾಫ್ಟ್‌ವೇರ್ ತಾಲ್ಲೂಕಿನ ಮಿಸ್ತ್ರಿಗೆ ನ್ಯಾಯವಾದ ದರಕ್ಕೆ ಸಿಗಲಿ. ಹೀಗೆ ಮಾಡಿದರೂ ಕಂಪನಿಗಳು ಎರಡು ದರದ ಮಾದರಿಗಳನ್ನು ಧಾರಾಳವಾಗಿ ಮಾರಬಹುದು, ಅರ್ಥಶಾಸ್ತ್ರಜ್ಞರು ಹೇಳಿದ ಲಾಭಕ್ಕೆ ಧಕ್ಕೆಯಿಲ್ಲ. ಅಲ್ಲಿಯವರೆಗೆ ಓದುಗರು ಮಾಡಬಹುದಾದ ಕೆಲಸವೂ ಒಂದಿದೆ. ಗಾಡಿ, ಪ್ರಿಂಟರ್, ಟ್ರ್ಯಾಕ್ಟರ್, ಏನೇ ಕೊಂಡರೂ ಯಾವ ಸೌಲಭ್ಯ ಎಷ್ಟು ದಿನ, ಮಾರಿದರೆ ಮುಂದಿನವರಿಗೆ ಬರುತ್ತದೆಯೇ ಎಂಬುದನ್ನು ಅಂಗಡಿಯವರಿಂದ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಕೊಟ್ಟ ಮಾತು ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಿ. ಕಂಪನಿಯ ಕಚೇರಿ ಬೆಂಗಳೂರಿನಲ್ಲಿರಲಿ, ಟೋಕಿಯೊದಲ್ಲಿರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ, ಅಂದರೆ ಬೆಳಗಾವಿಯಲ್ಲೇ, ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಸರಕಿನ ದೂರಿಗೆ ಶುಲ್ಕವಿಲ್ಲ.